ಔಟ್‌ಬೋರ್ಡ್ ಎಂಜಿನ್ ರಿಪೇರಿ: ಜೆ.ಸಿ. ರಸ್ತೆಯ ಹಿಂಬದಿಯ ಒಂದು ಫಲಕವಿಲ್ಲದ ಗ್ಯಾರೇಜು

ಬೆಂಗಳೂರಿನ ನಮ್ಮ ಬಡಾವಣೆಯ ಕೆರೆ ಸಮಿತಿಯವರು ಎರಡು ವರ್ಷದ ಹಿಂದೆ ಮಲ್ಪೆಯ ಕಡೆಯಿಂದ ದೋಣಿಯ ಹಿಂಬದಿಗೆ ಸಿಕ್ಕಿಸುವ, ಪೆಟ್ರೋಲಿಗೇ ಆಯಿಲ್ ಬೆರೆಸಿ ಓಡಿಸುವ 15 ಅಶ್ವಶಕ್ತಿಯ ಹಳೆಯ ಟೂ ಸ್ಟ್ರೋಕ್ ಔಟ್‌ಬೋರ್ಡ್ ಎಂಜಿನ್ನೊಂದನ್ನು ಕೊಂಡು ತಂದೆವು. ಜಲಕಳೆ ಎಳೆಯುವುದು, ತೇಲುವ ಪ್ಲಾಸ್ಟಿಕ್ ಆಯುವುದು, ತಿಂಗಳಿಗೊಮ್ಮೆ ನೀರಿನ ಮಾದರಿ ತೆಗೆಯುವುದು ಇದರ ಕೆಲಸ. ಎಲ್ಲವೂ ನಡಿಗೆಯ ವೇಗದಲ್ಲಿ ಆಗಬೇಕಾದವು. ಕಡಲಿನಲ್ಲಿ ಅಲೆ ಸೀಳಿಕೊಂಡು ಓಡಿ ಅಭ್ಯಾಸವಾಗಿದ್ದ ಎಂಜಿನ್ ಇಲ್ಲಿ ಅರ್ಧ ಗಂಟೆಗೊಮ್ಮೆ ಮುಕ್ಕರಿಸಿ ನಿಲ್ಲತೊಡಗಿತು. ಬಿಚ್ಚಿ ನೋಡಿದರೆ ಪೆಟ್ರೋಲಿಗೆ ಕಿಡಿ ಹಚ್ಚುವ ಪ್ಲಗ್ ಮಸಿಯಾಗಿರುತ್ತಿತ್ತು. ಮೊದಲು ಹೋದ ಅಂಗಡಿಯವರು ನಾಲ್ಕು ಸಲ ಹೊಸ ಪ್ಲಗ್ ಹಾಕಿ, ನಾಲ್ಕು ಸಲವೂ ಹಣ ಪಡೆದು ಕಳುಹಿಸಿದರು. ಪ್ರತಿ ಸಲವೂ ಎರಡು ಭಾನುವಾರ ಚೆನ್ನಾಗಿ ಓಡುತ್ತಿತ್ತು, ಮೂರನೆಯ ಭಾನುವಾರ ಹುಟ್ಟು ಹಾಕಿಕೊಂಡು ದಡಕ್ಕೆ ಬರುತ್ತಿದ್ದೆವು.

ಆಮೇಲೆ ಪರಿಚಯದವರೊಬ್ಬರು ತೋರಿಸಿದ್ದು ಜೆ.ಸಿ. ರಸ್ತೆಯ ಹಿಂಬದಿಯ ಅಡ್ಡರಸ್ತೆಯಲ್ಲಿರುವ ಈ ಗ್ಯಾರೇಜನ್ನು. ಮೂಲತಃ ಇದು ಆರ್‌ಎಕ್ಸ್ 100, ಯೆಜ್ಡಿಗಳಂಥ ಹಳೆಯ ಟೂ ಸ್ಟ್ರೋಕ್ ಬೈಕುಗಳ ಗ್ಯಾರೇಜು. ದೋಣಿಯ ಎಂಜಿನ್ನುಗಳು ವರ್ಷಕ್ಕೆ ಕೆಲವು ಬರುತ್ತವೆ ಅಷ್ಟೇ. ಆದರೂ ಮೇಸ್ತ್ರಿಗಳು ಮಾಡಿದ ಮೊದಲ ಕೆಲಸವೇ ನನಗೆ ನಂಬಿಕೆ ಹುಟ್ಟಿಸಿತು. ಅವರು ಎರಡೂ ಪ್ಲಗ್ ಬಿಚ್ಚಿ, ಹಳೆಯ ಪೇಪರಿನ ಮೇಲಿಟ್ಟು, ಪಕ್ಕದಲ್ಲಿ ಸೀಮೆಸುಣ್ಣದಿಂದ ‘ಮೇಲೆ’, ‘ಕೆಳಗೆ’ ಎಂದು ಬರೆದರು. ಮೇಲಿನ ಸಿಲಿಂಡರಿನದು ಒಣ ಮಸಿ, ಬೆರಳಿಗೆ ಕಾಡಿಗೆಯ ಪುಡಿಯಂತೆ ಅಂಟಿತು. ಕೆಳಗಿನದು ಜಿಡ್ಡು ಜಿಡ್ಡಾಗಿ ಹೊಳೆಯುತ್ತಿತ್ತು. ಒಣ ಮಸಿಗೆ ಪೆಟ್ರೋಲ್ ಹೆಚ್ಚಾಗಿರುವುದು ಕಾರಣ, ಜಿಡ್ಡಿಗೆ ಸುಡದೆ ಉಳಿದ ಆಯಿಲ್ ಕಾರಣ. ಹಾಗಾಗಿ ಕಾಯಿಲೆ ಒಂದಲ್ಲ, ಎರಡು ಎಂದರು.

ಪ್ಲಗ್ಗಿನ ತುದಿಯ ಪಿಂಗಾಣಿ ಸುಮಾರು 450 ಡಿಗ್ರಿ ಸೆಲ್ಸಿಯಸ್ ದಾಟಿದರೆ ಮಾತ್ರ ಅದರ ಮೇಲೆ ಕೂತ ಇಂಗಾಲ ತಾನಾಗಿ ಸುಟ್ಟುಹೋಗುತ್ತದೆ. ನಿಧಾನಕ್ಕೆ ಓಡುವ ಎಂಜಿನ್ನಿನಲ್ಲಿ ಅಷ್ಟು ಕಾವು ಏರುವುದಿಲ್ಲ. ಇಂಗಾಲ ವಿದ್ಯುತ್ತನ್ನು ಹಾಯಿಸುವ ವಸ್ತುವಾದ್ದರಿಂದ, ಮಸಿ ಪದರ ದಪ್ಪವಾದಂತೆ ಕಾಯಿಲಿನಿಂದ ಬಂದ ಕರೆಂಟು ಗ್ಯಾಪನ್ನು ಹಾರಿ ಕಿಡಿಯಾಗುವ ಬದಲು ಪಿಂಗಾಣಿಯ ಮೇಲಿನ ಮಸಿಯಲ್ಲೇ ಹರಿದು ಪ್ಲಗ್ಗಿನ ಲೋಹದ ಮೈಗೆ ಇಳಿದುಬಿಡುತ್ತದೆ. ಹೊಸ ಪ್ಲಗ್ ಹಾಕಿದರೆ ಎರಡು ವಾರ ಓಡಿ ಮತ್ತೆ ನಿಲ್ಲುತ್ತಿದ್ದುದು ಏಕೆಂದು ನನಗೆ ಅರ್ಥವಾದದ್ದು ಇಲ್ಲಿ.

ಕಾವು ಏರದಿರಲು ನಮ್ಮ ಎಂಜಿನ್ನಿನಲ್ಲಿ ಇನ್ನೊಂದು ಕಾರಣವೂ ಇತ್ತು. ಮುಚ್ಚಳ ಬಿಚ್ಚಿದಾಗ ಥರ್ಮೋಸ್ಟಾಟ್ (ಎಂಜಿನ್ ಬೆಚ್ಚಗಾಗುವವರೆಗೆ ತಣ್ಣೀರಿನ ಹರಿವನ್ನು ತಡೆಯುವ ಕವಾಟ) ಇರಬೇಕಾದ ಜಾಗ ಖಾಲಿ! ಉಪ್ಪುನೀರಿನಲ್ಲಿ ಅದು ಕಟ್ಟಿಕೊಳ್ಳುತ್ತದೆಂದು ಹಿಂದಿನವರು ಕಿತ್ತು ಬಿಸಾಡಿದ್ದಿರಬೇಕು. ಪೂರ್ತಿ ವೇಗದಲ್ಲಿ ಓಡುವವರಿಗೆ ಇದರ ಕೊರತೆ ಅಷ್ಟಾಗಿ ತಿಳಿಯುವುದಿಲ್ಲ. ನಮ್ಮಂತೆ ತೆವಳುವವರ ಎಂಜಿನ್ನಿಗೆ ಸದಾ ತಣ್ಣೀರು ಹರಿದು ಅದು ಬೆಚ್ಚಗಾಗುವುದೇ ಇಲ್ಲ.

ಎತ್ತರದ ವಿಷಯವನ್ನು ನಾನಂತೂ ಯೋಚಿಸಿಯೇ ಇರಲಿಲ್ಲ. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 920 ಮೀಟರ್ ಮೇಲಿದೆ. ಇಲ್ಲಿನ ಗಾಳಿ ಮಲ್ಪೆಯ ಗಾಳಿಗಿಂತ ಹೆಚ್ಚುಕಡಿಮೆ ಹತ್ತನೇ ಒಂದರಷ್ಟು ತೆಳು. ಗಾಳಿಗೆ ಪೆಟ್ರೋಲ್ ಬೆರೆಸುವ ಕಾರ್ಬ್ಯುರೇಟರನ್ನು ಕಡಲ ದಡದಲ್ಲಿ ಸೆಟ್ ಮಾಡಿದ್ದರೆ ಅದು ಇಲ್ಲಿ ಗಾಳಿಗೆ ತಕ್ಕುದಕ್ಕಿಂತ ಹೆಚ್ಚು ಪೆಟ್ರೋಲ್ ಸುರಿಯುತ್ತದೆ. “ನಂದಿ ಬೆಟ್ಟ ಹತ್ತೋ ಹಳೇ ಗಾಡಿ ನೋಡಿದೀರಲ್ಲ ಸಾರ್, ಅದೇ ಕಥೆ” ಎಂದರು ಮೇಸ್ತ್ರಿ. ಕಾರ್ಬ್ಯುರೇಟರಿನಲ್ಲಿ ಎಷ್ಟು ಪೆಟ್ರೋಲ್ ನಿಲ್ಲಬೇಕೆಂದು ನಿರ್ಧರಿಸುವ ಫ್ಲೋಟಿನ ಮಟ್ಟ ಸರಿಮಾಡಿ, ಪೂರ್ತಿ ಬಿಡದೆ ಹಿಡಿದುಕೊಳ್ಳುತ್ತಿದ್ದ ಚೋಕ್ ಸಡಿಲಿಸಿ, ನಿಧಾನದ ಓಟದ ಮಿಶ್ರಣ ಹೊಂದಿಸುವ ಐಡ್ಲಿಂಗ್ ಸ್ಕ್ರೂವನ್ನು ಕಾಲು ಸುತ್ತಿನ ಲೆಕ್ಕದಲ್ಲಿ ತಿರುಗಿಸಿದರು. ಜೋರು ಓಟಕ್ಕೆ ಪೆಟ್ರೋಲ್ ಬಿಡುವ ಮೇನ್ ಜೆಟ್ಟನ್ನು ಮುಟ್ಟಲಿಲ್ಲ. ನಿಧಾನದ ಓಟದಲ್ಲಿ ಅದರ ಪಾತ್ರ ಕಡಿಮೆ.

ಆಯಿಲ್ ವಿಷಯದಲ್ಲಿ ತಪ್ಪು ನಮ್ಮದೇ. ಎಂಜಿನ್ ಹಳೆಯದಲ್ಲವೇ ಎಂದು ಭಯಕ್ಕೆ 25 ಲೀಟರ್ ಪೆಟ್ರೋಲಿಗೆ ಒಂದು ಲೀಟರಿನಂತೆ ಬೈಕಿನ ಟೂಟಿ (2T) ಆಯಿಲ್ ಬೆರೆಸುತ್ತಿದ್ದೆವು. ಕಂಪನಿ ಹೇಳಿರುವುದು 50ಕ್ಕೆ ಒಂದು, ಅದೂ ಬೂದಿ ಉಳಿಸದ, ಟಿಸಿ-ಡಬ್ಲ್ಯು3 ದರ್ಜೆಯ ದೋಣಿ ಎಂಜಿನ್ನಿನ ಆಯಿಲ್.

ಪ್ಲಗ್ಗಿಗೆ ಕೊನೆಯಲ್ಲಿ ಬಂದರು. ನಾನು ಹೆಚ್ಚು ಬಿಸಿಯಾಗುವ ‘ಹಾಟ್’ ಪ್ಲಗ್ ಹಾಕಿಸಬೇಕೆಂದೇ ಹೋಗಿದ್ದೆ. ಎನ್‌ಜಿಕೆ ಕಂಪನಿಯ ಪ್ಲಗ್ಗುಗಳಲ್ಲಿ ಸಂಖ್ಯೆ ಇಳಿದಷ್ಟೂ ಪ್ಲಗ್ ಬಿಸಿ, ಚಾಂಪಿಯನ್ ಕಂಪನಿಯವುಗಳಲ್ಲಿ ಇದಕ್ಕೆ ತಿರುಗುಮುರುಗು. ಕೌಂಟರಿನಲ್ಲಿ ಗೊತ್ತಿಲ್ಲದೆ ಕೇಳಿದರೆ ಬೇಕಾದದ್ದರ ಉಲ್ಟಾ ಕೈಗೆ ಬರುತ್ತದೆ. ಮೇಸ್ತ್ರಿಗಳು ಎನ್‌ಜಿಕೆಯ ಬಿ7ಎಚ್‌ಎಸ್ ಅನ್ನೇ ಉಳಿಸಿದರು. ಅದಕ್ಕಿಂತ ಬಿಸಿಯಾದ ಬಿ6ಎಚ್‌ಎಸ್ ಹಾಕಿದರೆ ಮಸಿ ಕಡಿಮೆಯಾಗುವುದು ನಿಜ, ಆದರೆ ಯಾವತ್ತಾದರೂ ಹುಡುಗರು ಪೂರ್ತಿ ಥ್ರಾಟಲ್ ಕೊಟ್ಟು ಕೆರೆ ಸುತ್ತಿದರೆ ಪಿಸ್ಟನ್ ತೂತಾಗಬಹುದು ಎಂಬುದು ಅವರ ಎಚ್ಚರಿಕೆ. ನೂರಿನ್ನೂರು ರೂಪಾಯಿಯ ಸಾಮಾನು ಮಾರುವ ಅವಕಾಶವನ್ನು ತಾವಾಗಿ ಬಿಟ್ಟುಕೊಟ್ಟ ಅಂಗಡಿಯನ್ನು ನಾನು ಈ ಊರಿನಲ್ಲಿ ಹೆಚ್ಚು ನೋಡಿಲ್ಲ.

ದೂರುಗಳೂ ಇವೆ. ಎರಡು ದಿನ ಎಂದವರು ಒಂಬತ್ತು ದಿನ ತೆಗೆದುಕೊಂಡರು, ಫೋನ್ ಎತ್ತಲಿಲ್ಲ, ಬಿಲ್ ಕೇಳಿದ್ದಕ್ಕೆ ಸಿಗರೇಟ್ ಪ್ಯಾಕಿನ ಹಿಂಬದಿಯಲ್ಲಿ ಮೊತ್ತ ಬರೆದುಕೊಟ್ಟರು. ಸಮಿತಿಯ ಲೆಕ್ಕಕ್ಕೆ ಅದನ್ನು ಹಚ್ಚುವುದು ಹೇಗೆ? ಇವೆಲ್ಲಕ್ಕಿಂತ ದೊಡ್ಡದು ಟ್ರಯಲ್ಲಿನ ರೀತಿ. ಅವರ ಬಳಿ ಇರುವುದು ಒಂದು ನೀಲಿ ಡ್ರಮ್ಮು. ಡ್ರಮ್ಮಿನಲ್ಲಿ ಎಂಜಿನ್ನಿಗೆ ದೋಣಿಯನ್ನು ತಳ್ಳುವ ಹೊರೆ ಬೀಳುವುದಿಲ್ಲ, ಬಿಟ್ಟ ಹೊಗೆಯನ್ನೇ ಅದು ಮತ್ತೆ ಎಳೆದುಕೊಳ್ಳುತ್ತದೆ. ಅಲ್ಲಿ ಗಡಿಯಾರದಂತೆ ಓಡಿದ್ದು ಕೆರೆಯಲ್ಲಿ ಗೇರ್ ಹಾಕಿದ ಕೂಡಲೇ ಆಫ್ ಆಯಿತು. ಮೇಸ್ತ್ರಿಗಳನ್ನು ಕಾರಿನಲ್ಲಿ ಕರೆತಂದು, ದೋಣಿಯಲ್ಲಿ ಕೂರಿಸಿ, ಸ್ಕ್ರೂವನ್ನು ನೀರಿನ ಮೇಲೆಯೇ ಮತ್ತೊಮ್ಮೆ ಹೊಂದಿಸಬೇಕಾಯಿತು. ಅದಕ್ಕೆ ಬೇರೆ ದುಡ್ಡು ಕೇಳಲಿಲ್ಲ ಎಂಬುದನ್ನೂ ಹೇಳಬೇಕು.

ಅಂದು ದೋಣಿಯಲ್ಲೇ ಒಂದು ಅಭ್ಯಾಸ ಕಲಿಸಿಕೊಟ್ಟರು: ಹದಿನೈದು ನಿಮಿಷ ತೆವಳಿದ ಮೇಲೆ, ಕಳೆಯಿಲ್ಲದ ಜಾಗಕ್ಕೆ ಹೋಗಿ ಒಂದು ನಿಮಿಷ ಮುಕ್ಕಾಲು ಥ್ರಾಟಲ್ಲಿನಲ್ಲಿ ಓಡಿಸುವುದು. ಮೊದಲ ಸಲ ಹಾಗೆ ಓಡಿಸಿದಾಗ ಹಿಂದಿನಿಂದ ನೀಲಿ ಹೊಗೆಯ ಮೋಡವೇ ಎದ್ದು, ದಡದಲ್ಲಿ ವಾಕಿಂಗ್ ಮಾಡುತ್ತಿದ್ದ ಹಿರಿಯರೊಬ್ಬರು ನಿಂತು ನಮ್ಮನ್ನು ಬೈದರು. ಇಂಥ ಕೆಲಸಕ್ಕೆ ಬ್ಯಾಟರಿ ಮೋಟಾರೇ ಸರಿ ಎಂದು ಮೇಸ್ತ್ರಿಗಳೂ ಅವರ ಪರವೇ ಮಾತಾಡಿದರು. ನಾಲ್ಕು ತಿಂಗಳಾಯಿತು, ಅದೇ ಜೋಡಿ ಪ್ಲಗ್ ಓಡುತ್ತಿದೆ; ಮೊನ್ನೆ ಬಿಚ್ಚಿದಾಗ ಮೇಲಿನದು ಬಿಸ್ಕತ್ತಿನ ಬಣ್ಣಕ್ಕೆ ಬಂದಿತ್ತು, ಕೆಳಗಿನದು ಇನ್ನೂ ಸ್ವಲ್ಪ ಕಪ್ಪು.