ಏಳು ವರ್ಷ ನೋಡಿದ ‘ಬ್ಲ್ಯಾಕ್ ಮಿರರ್’: ಮೊದಲ ಕಂತಿನಿಂದ ಶುರು ಮಾಡಬೇಡಿ

2018ರಲ್ಲಿ ನಮ್ಮನೆಗೆ ನೆಟ್‌ಫ್ಲಿಕ್ಸ್ ಬಂತು. ‘ಬ್ಲ್ಯಾಕ್ ಮಿರರ್’ ಅನ್ನೋ ಬ್ರಿಟಿಷ್ ಸೀರೀಸ್ ನೋಡಿ ಅಂತ ತಮ್ಮ ಹೇಳಿದ್ದ. ರಾತ್ರಿ ಊಟದ ತಟ್ಟೆ ಹಿಡಿದುಕೊಂಡೇ ಮೊದಲ ಕಂತು ಹಾಕಿದೆವು. ರಾಜಕುಮಾರಿಯ ಅಪಹರಣವಾಗಿದೆ. ಅವಳನ್ನು ಬಿಡಬೇಕಾದರೆ ಬ್ರಿಟನ್ ಪ್ರಧಾನಿ ಟಿವಿಯಲ್ಲಿ, ಊರೆಲ್ಲ ನೋಡುತ್ತಿರುವಾಗ, ಒಂದು ಹಂದಿಯ ಜೊತೆ... ಮುಂದಿನದನ್ನು ಬರೆಯಲಾರೆ. ನಮ್ಮವರು ತಟ್ಟೆ ಎತ್ತಿಕೊಂಡು ಅಡುಗೆಮನೆಗೆ ಹೋದರು. ಆರು ತಿಂಗಳು ಅದರ ಹೆಸರೆತ್ತುವ ಹಾಗಿರಲಿಲ್ಲ.

ಇಲ್ಲಿ ಕಂತಿಗೊಂದು ಕಥೆ, ನಟರೂ ಬೇರೆ ಬೇರೆ. ಯಾರು ಯಾವುದನ್ನು ಮೊದಲು ನೋಡಿದರೋ ಅವರ ಪಾಲಿಗೆ ಸೀರೀಸ್ ಅಂದರೆ ಅದೇ. ಜಗಳ ಶುರುವಾಗುವುದೇ ಅಲ್ಲಿ.

ತಮ್ಮನ ಪ್ರಕಾರ 2011ರಿಂದ 2014ರವರೆಗೆ ಬ್ರಿಟನ್ನಿನ ಟಿವಿ ವಾಹಿನಿ ಚಾನೆಲ್ 4ರಲ್ಲಿ ಬಂದ ಆರು ಕಂತು, ಒಂದು ಕ್ರಿಸ್‌ಮಸ್ ವಿಶೇಷ, ಇಷ್ಟೇ ಅಸಲಿ. 2016ರಲ್ಲಿ ನೆಟ್‌ಫ್ಲಿಕ್ಸ್‌ಗೆ ಹೋದ ಮೇಲೆ ದುಡ್ಡು ಜಾಸ್ತಿ, ಖಾರ ಕಡಿಮೆ. ಪೂರ್ತಿ ಸುಳ್ಳೇನಲ್ಲ. 2013ರ ‘ಬಿ ರೈಟ್ ಬ್ಯಾಕ್’ನ ಹತ್ತಿರ ಬರುವಂಥದ್ದು ಆಮೇಲೆ ಕಡಿಮೆಯೇ. ಸಂಗಾತಿ ಸತ್ತುಹೋಗಿದ್ದಾನೆ. ಅವನು ಬರೆದಿದ್ದ ಮೆಸೇಜುಗಳನ್ನೆಲ್ಲ ಸೇರಿಸಿ ಒಂದು ಪ್ರೋಗ್ರಾಂ ಅವನ ಹಾಗೇ ಉತ್ತರ ಕೊಡುತ್ತದೆ. ಆಮೇಲೆ ಅವನ ದನಿ, ಕೊನೆಗೆ ಮೈಯೂ ಬರುತ್ತದೆ. ಮೊದಲ ಸಲ ನೋಡಿದಾಗ ಒಳ್ಳೇ ಕಲ್ಪನೆ ಅನ್ನಿಸಿತ್ತು, ಅಷ್ಟೇ. ಅಪ್ಪ ತೀರಿಕೊಂಡ ವರ್ಷ ಮತ್ತೆ ಹಾಕಿದೆ. ಅವರ ವಾಯ್ಸ್ ಮೆಸೇಜುಗಳು ನನ್ನ ವಾಟ್ಸಾಪಿನಲ್ಲಿ ಹಾಗೇ ಇವೆ. ಅರ್ಧಕ್ಕೆ ನಿಲ್ಲಿಸಿದೆ.

ನಮ್ಮವರನ್ನು ವಾಪಸ್ ಕರೆತಂದದ್ದು ‘ಸ್ಯಾನ್ ಜುನಿಪೆರೋ’. ಇಬ್ಬರು ಹೆಂಗಸರ ಪ್ರೀತಿಯ ಕಥೆ, 2017ರಲ್ಲಿ ಟಿವಿಯ ದೊಡ್ಡ ಪ್ರಶಸ್ತಿ ಎಮಿ ಬಂದಿದೆ. (ನೋಡದವರು ಈ ಪ್ಯಾರಾ ಬಿಟ್ಟುಬಿಡಿ.) ಸತ್ತ ಮೇಲೆ ಇಬ್ಬರ ಮನಸ್ಸೂ ಯಂತ್ರದೊಳಗಿನ ಒಂದು ಕಾಲ್ಪನಿಕ ಊರಿನಲ್ಲಿ ಒಟ್ಟಿಗೆ ಉಳಿಯುತ್ತದೆ. ನಮ್ಮವರಿಗೆ ಅದು ಸುಖಾಂತ್ಯ. ತಮ್ಮ ಒಪ್ಪುವುದೇ ಇಲ್ಲ. “ಕೊನೇಲಿ ಸಾಲಾಗಿ ಮಿನುಗೋ ಯಂತ್ರಗಳನ್ನ ನೋಡಿ ಭಾವ, ಅದು ಸ್ವರ್ಗವಾ, ಗೋಡೌನಾ?” ಹಬ್ಬಕ್ಕೆ ಸೇರಿದಾಗೆಲ್ಲ ಇದೇ ವಾದ. ನಾನು ನಮ್ಮವರ ಕಡೆ. ಕೊನೆಯಲ್ಲಿ ಬರುವ ಹಾಡು ಶುರುವಾದರೆ ನನಗೆ ಯಂತ್ರಗಳು ಕಾಣುವುದಿಲ್ಲ.

2023ರ ‘ಮೇಜಿ ಡೇ’ ಬಗ್ಗೆ ಮಾತ್ರ ಮೂವರದೂ ಒಂದೇ ಮಾತು: ಸುಮ್ನೆ ಟೈಮ್ ವೇಸ್ಟ್.

2025ರ ಏಳನೇ ಸೀಸನ್ನಿನ ‘ಕಾಮನ್ ಪೀಪಲ್’ ನೋಡಿ ತಮ್ಮನೂ ಸುಮ್ಮನಾದ. ಹೆಂಡತಿ ಬದುಕಿರಬೇಕಾದರೆ ತಿಂಗಳು ತಿಂಗಳು ಚಂದಾ ಕಟ್ಟಬೇಕು. ಜಾಸ್ತಿ ಕಟ್ಟದಿದ್ದರೆ ಮಾತಿನ ನಡುವೆ ಅವಳ ಬಾಯಿಂದಲೇ ಜಾಹೀರಾತು! ಮುಗಿದ ತಕ್ಷಣ ನಮ್ಮವರು ಫೋನ್ ತೆಗೆದು ನಾವು ಯಾವ ಪ್ಲಾನಿನಲ್ಲಿದ್ದೇವೆ ಅಂತ ನೋಡಿದರು.

ಮಕ್ಕಳ ಜೊತೆ ನೋಡುವಂಥದ್ದಲ್ಲ. ಹೊಸಬರು ಮೂರನೇ ಸೀಸನ್ನಿನ ‘ನೋಸ್‌ಡೈವ್’ನಿಂದ ಶುರು ಮಾಡಿ. ಅಲ್ಲಿ ಎಲ್ಲರೂ ಎಲ್ಲರಿಗೂ ಐದಕ್ಕೆ ಇಷ್ಟು ಅಂತ ಅಂಕ ಕೊಡುತ್ತಾರೆ, ನಾವೀಗ ಆಟೋದವರಿಗೆ ಕೊಡುವ ಹಾಗೆ. ಆಮೇಲೆ ‘ಬಿ ರೈಟ್ ಬ್ಯಾಕ್’. ಹಂದಿಯದ್ದು ಕೊನೆಗಿರಲಿ, ಅದೂ ಊಟ ಮುಗಿದು ಒಂದು ಗಂಟೆ ಆದ ಮೇಲೆ.