ಬಗ್ ಸರಿಪಡಿಸುವ ವಾರಾಂತ್ಯ: ಒಂದೇ ಕೋಣೆಯಲ್ಲೋ, ಆನ್‌ಲೈನ್‌ನಲ್ಲೋ?

ತಂತ್ರಾಂಶದ ದೋಷಗಳನ್ನು (ಬಗ್) ತಂಡವಾಗಿ ಎರಡು ದಿನ ಕೂತು ಸರಿಪಡಿಸುವ ಕೂಟವನ್ನು ಎಲ್ಲಿ ನಡೆಸುವುದು? ಖರ್ಚು ನೋಡಿದರೆ ಆನ್‌ಲೈನೇ ಹಗುರ. ಒಂದು ಚಾಟ್ ಚಾನೆಲ್, ಬಗ್‌ಗಳ ಪಟ್ಟಿ ಇದ್ದರೆ ಸಾಕು. ಒಟ್ಟಿಗೆ ಕೂರಲು ಜಾಗ, ವೈಫೈ, ಊಟ, ಓಡಾಟ ಎಲ್ಲ ಬೇಕು.

ಹೊಸಬರ ವಿಷಯ ಬೇರೆ. ಅವರ ಅರ್ಧ ದಿನ ಕೋಡನ್ನು ತಮ್ಮ ಕಂಪ್ಯೂಟರ್‌ನಲ್ಲಿ ಓಡುವಂತೆ ಬಿಲ್ಡ್ ಮಾಡಿಕೊಳ್ಳುವುದರಲ್ಲೇ ಹೋಗುತ್ತದೆ. ಪಕ್ಕದಲ್ಲಿ ತಿಳಿದವರಿದ್ದರೆ ಬೇಗ ಮುಗಿಯುವ ಕೆಲಸ ಅದು. ಚಾಟ್‌ನಲ್ಲಿ ಕೇಳಲು ಸಂಕೋಚಪಟ್ಟು ಸುಮ್ನೆ ಮಾಯವಾಗುವವರೇ ಜಾಸ್ತಿ. ಡೆಬಿಯನ್ ಎಂಬ ಲಿನಕ್ಸ್ ಆಪರೇಟಿಂಗ್ ಸಿಸ್ಟಮ್‌ನ ತಂಡ ನಡೆಸುವ ‘ಬಗ್ ಸ್ಕ್ವಾಷಿಂಗ್ ಪಾರ್ಟಿ’ಗಳು ಎರಡೂ ರೀತಿ ನಡೆದಿವೆ. ಹೊಸ ಆವೃತ್ತಿಯ ಬಿಡುಗಡೆಗೆ ಅಡ್ಡ ಬರುವ ಬಗ್‌ಗಳೇ ಅಲ್ಲಿ ಮುಖ್ಯ ಗುರಿ.

ಕೋಡ್ ರಿವ್ಯೂಗೆ, ಅಂದರೆ ಒಬ್ಬರು ಬರೆದ ಕೋಡನ್ನು ಇನ್ನೊಬ್ಬರು ಪರಿಶೀಲಿಸುವುದಕ್ಕೆ, ನನ್ನ ಒಲವು ಆನ್‌ಲೈನ್ ಕಡೆಗೆ. ಚರ್ಚೆ ಬರಹದಲ್ಲಿ ಉಳಿಯುತ್ತದೆ, ಮುಂದೆ ಬಂದವರಿಗೂ ಸಿಗುತ್ತದೆ. ಎಲ್ಲೇ ನಡೆಸಿ, ಬದಲಾವಣೆಗಳನ್ನು ನೋಡಿ ಒಪ್ಪಿಕೊಳ್ಳುವ ಮೇಂಟೇನರ್ ಒಬ್ಬರಾದರೂ ಆ ಎರಡು ದಿನ ಬಿಡುವಾಗಿರಬೇಕು. ಇಲ್ಲದಿದ್ದರೆ ಪ್ಯಾಚ್‌ಗಳ (ಕೋಡ್ ತಿದ್ದುಪಡಿಗಳ) ರಾಶಿ ಬೀಳುತ್ತದೆ ಅಷ್ಟೇ. ಎಷ್ಟು ಪ್ಯಾಚ್ ಕಳಿಸಿದರು ಎಂಬ ಎಣಿಕೆಗೆ ಬಹುಮಾನವನ್ನಂತೂ ಇಡಬೇಡಿ. ಓಪನ್ ಸೋರ್ಸ್‌ಗೆ ಕೊಡುಗೆ ನೀಡಲು ಹುರಿದುಂಬಿಸುವ ಅಭಿಯಾನ ಹ್ಯಾಕ್ಟೋಬರ್‌ಫೆಸ್ಟ್‌ನಲ್ಲಿ 2020ರಲ್ಲಿ ಟೀಶರ್ಟ್ ಆಸೆಗೆ ಕಸದಂಥ ಪುಲ್ ರಿಕ್ವೆಸ್ಟ್‌ಗಳು (ಬದಲಾವಣೆ ಸೇರಿಸಿಕೊಳ್ಳಿ ಎಂಬ ಕೋರಿಕೆಗಳು) ಸುರಿದವು, ಅಲ್ವಾ?

ತಂಡ ಚದುರಿದ್ದು, ತಿಂಗಳಿಗೊಮ್ಮೆ ನಡೆಸುವುದಾದರೆ ಆನ್‌ಲೈನ್ ಸರಿ. ಬಿಡುಗಡೆ ಹತ್ತಿರವಿದ್ದರೆ, ಅಥವಾ ಹೊಸಬರೇ ಹೆಚ್ಚಿದ್ದರೆ, ವರ್ಷಕ್ಕೆ ಒಂದೆರಡು ಬಾರಿಯಾದರೂ ಎದುರುಬದುರು ಕೂರಿ.