ಜನವರಿಯಲ್ಲಿ ಮದ್ದು ಪಾಯಸ ಕೊಟ್ಟರು, ನಾನು ತಿಂದೆ

ಮಡಿಕೇರಿ ಕಡೆ ಊಟ ಹುಡುಕಿಕೊಂಡು ಹೋಗುವವರು ಇದನ್ನು ಪೂರ್ತಿ ಓದಿ. ಉದ್ದ ಇದೆ. ನನಗೆ ಇನ್ನೂ ಸಿಟ್ಟು ಇಳಿದಿಲ್ಲ, ಹೇಳಿದ್ದನ್ನೇ ಹೇಳಿದರೆ ಹೊಟ್ಟೆಗೆ ಹಾಕಿಕೊಳ್ಳಿ. ಜಾಗದ ಹೆಸರು ಹಾಕುತ್ತಿಲ್ಲ. ಹೆಸರು ಹಾಕಿದರೆ ನಾಳೆ ಬೋರ್ಡ್ ಬದಲಾಗುತ್ತೆ ಅಷ್ಟೇ, ಆಟ ಅದೇ ಇರುತ್ತೆ.

ನಾವು ಮಂಡ್ಯದವರು, ಈಗ ಇರುವುದು ಮೈಸೂರಲ್ಲಿ. ನನಗೆ ಊರೂರು ಸುತ್ತಿ ಅಲ್ಲಿನ ಊಟ ತಿನ್ನುವ ಚಟ. ವಿಜಯಪುರಕ್ಕೆ ಹೋದಾಗ ಗೋಳಗುಮ್ಮಟ ನೋಡುವ ಮೊದಲು ಖಾನಾವಳಿ ಹುಡುಕಿದವನು ನಾನು. ಬಿಸಿ ಜೋಳದ ರೊಟ್ಟಿ, ಶೇಂಗಾ ಚಟ್ನಿ, ಎಣ್ಣೆಗಾಯಿ, ಬಿಲ್ ನೋಡಿ ಇಷ್ಟೇನಾ ಅಂತ ಕೇಳಿದ್ದೆ. ಮಂಗಳೂರಲ್ಲಿ ಕೋರಿ ರೊಟ್ಟಿ ಸಾರಲ್ಲಿ ಮೆತ್ತಗಾಗುವವರೆಗೂ ಕಾಯಬೇಕಾ ಬೇಡವಾ ಅಂತ ಪಕ್ಕದ ಟೇಬಲ್ಲಿನವರ ಹತ್ತಿರ ವಾದ ಮಾಡಿದ್ದೇನೆ. ಇಷ್ಟೆಲ್ಲಾ ಯಾಕೆ ಹೇಳುತ್ತಿದ್ದೇನೆ ಅಂದರೆ, ನಾನು ಮೋಸ ಹೋಗುವ ಪೈಕಿ ಅಲ್ಲ ಅಂತ ನನಗೇ ಒಂದು ನಂಬಿಕೆ ಇತ್ತು.

ಕೊಡಗಿನ ಊಟ ಮಾತ್ರ ಅಲ್ಲೇ ಹೋಗಿ, ಯಾರದಾದರೂ ಮನೆಯಲ್ಲಿ ಕೂತು ತಿನ್ನಬೇಕು ಅಂತ ಬಾಕಿ ಇಟ್ಟಿದ್ದೆ. ಡಿಸೆಂಬರ್ ಕೊನೆಯಲ್ಲಿ ಒಂದು ರೀಲ್ ಕಣ್ಣಿಗೆ ಬಿತ್ತು. ಸೌದೆ ಒಲೆ, ಮಡಕೆ, ಕಡಂಬುಟ್ಟು ಉಂಡೆ ಕಟ್ಟುವ ಅಜ್ಜಿಯ ಕೈ. ಮುಖ ಇಲ್ಲ, ಬರೀ ಕೈ. 'ಅಪ್ಪಟ ಕೊಡವ ಮನೆ ಊಟ, ಮೊದಲೇ ಬುಕ್ ಮಾಡಬೇಕು.' ಫೋನ್ ಮಾಡಿದೆ.

"ಒಬ್ಬರಿಗೆ 550 ಸಾರ್. ಎಲ್ಲಾ ಇರುತ್ತೆ."

"ಎಲ್ಲಾ ಅಂದ್ರೆ ಪಂದಿ ಕರಿನೂ ಇರುತ್ತಾ?"

"ಎಲ್ಲಾ ಸಾರ್. ಮನೆ ಊಟ ಅಲ್ವಾ."

ಈ 'ಎಲ್ಲಾ' ಅನ್ನುವ ಪದ ನೆನಪಿಟ್ಟುಕೊಳ್ಳಿ. ನಾನು ಐದು ಜನಕ್ಕೆ 2,750 ಅಂತ ಲೆಕ್ಕ ಹಾಕಿ, ಆಗಲೇ 1,500 ಅಡ್ವಾನ್ಸ್ ಕಳಿಸಿದೆ.

ಜನವರಿ ಮೊದಲ ಭಾನುವಾರ. ನಾನು, ಹೆಂಡತಿ, ಅಮ್ಮ, ಭಾವಮೈದ, ಒಂಬತ್ತು ವರ್ಷದ ಮಗಳು. ಹುಣಸೂರು, ಪಿರಿಯಾಪಟ್ಟಣ, ಕುಶಾಲನಗರ ದಾಟಿ ಮಡಿಕೇರಿ ಹತ್ತಿರ ಮುಟ್ಟುವಾಗ ಒಂದೂವರೆ. ದಾರಿಯಲ್ಲಿ ಯಾರಿಗೂ ಏನೂ ತಿನ್ನಲು ಬಿಟ್ಟಿರಲಿಲ್ಲ ನಾನು. ಹೊಟ್ಟೆ ಖಾಲಿ ಇರಲಿ, ಅಲ್ಲಿ ಜಾಸ್ತಿ ತಿನ್ನಬೇಕು ಅಂತ.

ಮನೆ ಅಂತ ಇದ್ದದ್ದು ಕಾಫಿ ತೋಟದ ಅಂಚಲ್ಲಿ ಒಂದು ಶೀಟಿನ ಶೆಡ್ಡು, ಆರು ಟೇಬಲ್. ಒಲೆ ಇತ್ತು, ಬೂದಿ ಕೂಡ ಇರಲಿಲ್ಲ. ಮೆನು ಕೇಳಿದೆ. "ಮನೆ ಊಟಕ್ಕೆ ಮೆನು ಎಲ್ಲಿರುತ್ತೆ ಸಾರ್" ಅಂದ ಓನರ್, ನಗುತ್ತಾ. ನಾನೂ ನಕ್ಕೆ. ಅಷ್ಟರಲ್ಲಿ ಕೈ ತೊಳೆಯಲು ಹೋಗಿದ್ದ ಮಗಳು ಓಡಿ ಬಂದು, "ಅಪ್ಪಾ, ಆ ಅಂಕಲ್ ಸ್ಟೀಲ್ ಪಾತ್ರೆಯಿಂದ ಮಡಕೆಗೆ ಸುರೀತಿದಾರೆ" ಅಂದಳು. ಸುಮ್ನಿರು ಪುಟ್ಟಾ, ಹಾಗೆಲ್ಲ ಅನ್ನಬಾರದು ಅಂತ ನಾನೇ ಬಾಯಿ ಮುಚ್ಚಿಸಿದೆ. ಇದನ್ನು ನೆನೆಸಿಕೊಂಡರೆ ಈಗಲೂ ಮೈ ಉರಿಯುತ್ತೆ.

ಕಡಂಬುಟ್ಟು ಬಂತು. ಅಕ್ಕಿ ತರಿಯಲ್ಲಿ ಮಾಡಿ ಹಬೆಯಲ್ಲಿ ಬೇಯಿಸಿದ ಉಂಡೆ ಅದು, ಮುರಿದರೆ ತರಿ ತರಿಯಾಗಿ ಬಿಡಬೇಕು. ಇದು ಹಿಟ್ಟಿನದು, ಹೂರಣ ಹಾಕಲು ಮರೆತ ಕಡುಬಿನ ಹಾಗೆ. ಹೊರಗೆ ಬಿಸಿ, ನಡುವೆ ತಣ್ಣಗೆ. ಪಂದಿ ಕರಿ ಮೂರು ಪ್ಲೇಟ್ ಬಂತು. ಅಮ್ಮ ಹಂದಿ ಮುಟ್ಟುವುದಿಲ್ಲ, ಅವರಿಗೂ ಮಗಳಿಗೂ ಕೋಳಿ ಕರಿ. ಪಂದಿ ಕರಿ ಕಪ್ಪಗೇನೋ ಇತ್ತು. ಆದರೆ ಹುರಿದ ಮೆಣಸು ಜೀರಿಗೆಯ ಘಾಟೂ ಇಲ್ಲ, ಅದಕ್ಕೆ ಹಾಕುವ ಕಪ್ಪು ಹುಳಿರಸ ಕಾಚಂಪುಳಿಯ ಆ ಚುರುಕೂ ಇಲ್ಲ. ಭಾವಮೈದ ನನ್ನ ಮುಖ ನೋಡಿದ. ನಾನು "ಅಪ್ಪಟ ಟೇಸ್ಟ್ ಹೀಗೇ ಇರೋದು, ಮೈಸೂರಲ್ಲಿ ಕೊಡೋದು ಹೋಟೆಲ್ ಟೇಸ್ಟು" ಅಂದೆ. ನಾನೇ ಅಂದೆ!

ಕಣಿಲೆ, ಅಂದರೆ ಎಳೆ ಬಿದಿರಿನ ಪಲ್ಯ ಇತ್ತು. ಬೆಳಿಗ್ಗೆ ಕಿತ್ತಿದ್ದು ಅಂದ. ಕಣಿಲೆ ಬರುವುದು ಮಳೆಗಾಲಕ್ಕೆ. ಉಪ್ಪುನೀರಲ್ಲಿ ಇಟ್ಟಿದ್ದು ಅಂದಿದ್ದರೆ ಖುಷಿಯಾಗಿ ತಿನ್ನುತ್ತಿದ್ದೆ, ಬೆಳಿಗ್ಗೆ ಕಿತ್ತಿದ್ದು ಅಂತ ಯಾಕೆ ಹೇಳಬೇಕು?

ಆಮೇಲೆ ಪಾಯಸ. ನೇರಳೆ ಬಣ್ಣ. "ಮದ್ದು ಪಾಯಸ ಸಾರ್, 18 ಔಷಧಿ ಸೇರಿರುತ್ತೆ, ಈ ಸೊಪ್ಪೂ ನಮ್ಮ ತೋಟದ್ದೇ, ಫ್ರೆಶ್ಶು." ನಾನು ಇದರ ಬಗ್ಗೆ ಓದಿದ್ದೆ, ತಿಂದಿರಲಿಲ್ಲ. ಗೊತ್ತಿರುವವನ ಹಾಗೆ ತಲೆ ಆಡಿಸಿದೆ. ಎಲ್ಲರಿಗೂ ಹಾಕಿಸಿದೆ. ಬೇಡ ಅಂದ ಅಮ್ಮನಿಗೂ "ಮಂಡಿ ನೋವಿಗೆ ಒಳ್ಳೇದು" ಅಂತ ಹಾಕಿಸಿದೆ. ಅದನ್ನು ಯಾರು ಹೇಳಿದ್ದರೋ ನನಗೆ! ಮಗಳ ನಾಲಿಗೆ ಐಸ್ ಕ್ಯಾಂಡಿ ತಿಂದವರ ಹಾಗೆ ಆಗಿತ್ತು, ಅದೂ ತಮಾಷೆ ಅಂತ ಫೋಟೋ ತೆಗೆದೆ. ಹೊರಡುವಾಗ 750 ಎಂಎಲ್ ಬಾಟಲಿ ಕಾಚಂಪುಳಿ ಬೇರೆ ಕೊಂಡೆ, 600 ರೂಪಾಯಿ.

ಆಮೇಲೆ ಬಿಲ್ ಬಂತು. ಕೈಯಲ್ಲಿ ಬರೆದ ಚೀಟಿ, ಮೇಲೆ ಹೆಸರಿಲ್ಲ, ಜಿಎಸ್‌ಟಿ ನಂಬರ್ ಇಲ್ಲ. ಊಟ ಐದು, 2,750. ಪಂದಿ ಕರಿ ಮೂರು, 1,440. ಕೋಳಿ ಕರಿ ಎರಡು, 840. ಪಾಯಸ ಐದು, 900. ಎಕ್ಸ್‌ಪೀರಿಯನ್ಸ್ ಚಾರ್ಜ್ 500. ಒಟ್ಟು 6,430.

"ಇದೇನು? 550ಕ್ಕೆ ಎಲ್ಲಾ ಅಂದಿದ್ರಲ್ಲ?"

"ಎಲ್ಲಾ ಇದೆ ಅಂದೆ ಸಾರ್. ಎಲ್ಲಾ ಸೇರಿ ಅಂದಿಲ್ಲ."

"ಮತ್ತೆ 550 ಯಾವುದಕ್ಕೆ?"

"ಅದು ಬೇಸಿಕ್ ಊಟ. ಪುಟ್ಟು, ಅನ್ನ, ಸಾರು, ಪಲ್ಯ."

"ಎಕ್ಸ್‌ಪೀರಿಯನ್ಸ್ ಚಾರ್ಜ್ ಅಂದ್ರೆ?"

"ಮಡಕೆಯಲ್ಲಿ ಬಡಿಸಿದ್ವಲ್ಲ ಸಾರ್."

ನನ್ನ ಮಗಳು ನನ್ನನ್ನೇ ನೋಡುತ್ತಿದ್ದಳು.

ಹೋಗಲಿ, ಅಡ್ವಾನ್ಸ್ 1,500 ಕಳೆಯಿರಿ ಅಂದೆ. ಅದು ಬುಕಿಂಗ್ ಚಾರ್ಜ್ ಅಂತೆ, ಊಟದ ದುಡ್ಡಲ್ಲವಂತೆ. ಧ್ವನಿ ಏರಿಸಿದೆ. ಅವನು ಏರಿಸಲೇ ಇಲ್ಲ, ಅದೇ ನಗು. "ನೀವು ತಿಂದು ಮುಗಿಸಿದೀರ ಸಾರ್, ತಿನ್ನೋ ಮೊದಲು ಕೇಳಿದ್ರೆ ಹೇಳ್ತಿದ್ದೆ." ಪಕ್ಕದ ಟೇಬಲ್ಲಿನವರು ತಿರುಗಿ ನೋಡತೊಡಗಿದರು, ಹೆಂಡತಿ "ರೀ, ಕೊಟ್ಟು ಬನ್ನಿ, ಸಾಕು" ಅಂತ ಶರ್ಟು ಜಗ್ಗಿದಳು, ಅಮ್ಮ ಆಗಲೇ ಕಾರಲ್ಲಿ ಕೂತಿದ್ದರು, ಕೊಟ್ಟೆ. ಅಡ್ವಾನ್ಸ್, ಬಿಲ್, ಬಾಟಲಿ ಎಲ್ಲಾ ಸೇರಿ (ಇಲ್ಲಿ ನಿಜವಾಗಿ ಎಲ್ಲಾ ಸೇರಿ) 8,530.

ದುಡ್ಡು ಹೋದದ್ದಕ್ಕಿಂತ ದೊಡ್ಡ ಮರ್ಯಾದೆ ಹೋದದ್ದು ಮಾರನೇ ದಿನ. ನಾನು ರಾತ್ರಿಯೇ ಪಾಯಸದ ಫೋಟೋ ಸ್ಟೇಟಸ್‌ಗೆ ಹಾಕಿದ್ದೆ. ಬಿಲ್ ವಿಷಯ ಬರೆದಿರಲಿಲ್ಲ, ಎಲ್ಲಿ ಬರೆಯುವುದು. ಆಫೀಸಿನಲ್ಲಿ ವಿರಾಜಪೇಟೆ ಕಡೆಯ ಗೆಳೆಯ ಒಬ್ಬ ಇದ್ದಾನೆ. ಬೆಳಿಗ್ಗೆ ಬಂದವನೇ, "ಜನವರಿಯಲ್ಲಿ ಮದ್ದು ಪಾಯಸ ಎಲ್ಲಿ ಸಿಕ್ತು ಮಾರಾಯ?" ಅಂದ.

ಆಮೇಲೆ ಅವನು ಹೇಳಿದ್ದು ಇಷ್ಟು. ಮದ್ದು ಸೊಪ್ಪಿನ ಪಾಯಸ ಮಾಡುವುದು ಅವರ ಕಕ್ಕಡ ತಿಂಗಳ 18ಕ್ಕೆ, ಅಂದರೆ ಆಗಸ್ಟ್ 3ಕ್ಕೆ. ಆ ಹೊತ್ತಿಗೆ 18 ಬಗೆಯ ಮದ್ದು ಆ ಸೊಪ್ಪಿಗೆ ಸೇರುತ್ತೆ ಅನ್ನುವುದು ಅವರ ನಂಬಿಕೆ. ಸೊಪ್ಪು ಕುದಿಸಿದರೆ ನೇರಳೆ ರಸ ಬಿಡುವುದು, ಆ ಘಮ ಬರುವುದು ಆ ಸಮಯದಲ್ಲೇ. ಜನವರಿಯಲ್ಲಿ ತೋಟದಿಂದ ಕಿತ್ತು ತಂದ ಸೊಪ್ಪಲ್ಲಿ ಅದೆಲ್ಲ ಎಲ್ಲಿಂದ ಬರಬೇಕು? ಇಷ್ಟು ಹೇಳಿ, ದನಿ ತಗ್ಗಿಸಿ ಕೇಳಿದ: "ಬೆಳಿಗ್ಗೆ ಬಾತ್‌ರೂಮಿಗೆ ಹೋದಾಗ ಕೆಂಪಗೆ ಹೋಯ್ತಾ?"

ಇಲ್ಲ ಅಂದೆ.

"ಹಾಗಾದ್ರೆ ಅದು ಅಂಗಡಿ ಬಣ್ಣ." ನಿಜವಾದ ಮದ್ದು ಪಾಯಸ ತಿಂದರೆ ಮೂತ್ರ ಕೆಂಪಾಗುತ್ತಂತೆ, ಕೊಡಗಲ್ಲಿ ಮಕ್ಕಳಿಗೂ ಗೊತ್ತಿರುವ ವಿಷಯವಂತೆ. ಮಧ್ಯಾಹ್ನದ ಹೊತ್ತಿಗೆ ಇಡೀ ಸೆಕ್ಷನ್ನಿಗೆ ಗೊತ್ತಾಗಿತ್ತು. ಈಗಲೂ ಒಬ್ಬೊಬ್ಬರೇ ಬಂದು "ಏನ್ ಸಾರ್, ಬಣ್ಣ ಬಂತಾ" ಅಂತ ಕೇಳುತ್ತಾರೆ.

ಕಾಚಂಪುಳಿ ಬಾಟಲಿಯ ಕಥೆ ಸಂಜೆ ಮುಗಿಯಿತು. ಅಮ್ಮ ಮುಚ್ಚಳ ತೆಗೆದು ಮೂಸಿ, ಒಂದು ಹನಿ ನಾಲಿಗೆಗೆ ಇಟ್ಟುಕೊಂಡು, "ಹುಣಸೆಹಣ್ಣಿಗೆ ಬೆಲ್ಲ ಹಾಕಿ ಕುದಿಸವ್ರೆ ಕಣಪ್ಪಾ. ಇದಕ್ಕೆ 600 ಕೊಟ್ಯಾ?" ಅಂದರು. ಗೆಳೆಯ ಅವನ ಮನೆಯದನ್ನು ಒಂದು ಸಣ್ಣ ಶೀಶೆಯಲ್ಲಿ ತಂದುಕೊಟ್ಟ. ಅವರಲ್ಲಿ ಪಣಪುಳಿ ಹಣ್ಣಿನ ರಸ ಇಳಿಸಿ, ಕಪ್ಪಾಗಿ ಗಟ್ಟಿಯಾಗುವವರೆಗೆ ಕುದಿಸುತ್ತಾರೆ. ಒಂದು ಕೆಜಿ ಮಾಂಸಕ್ಕೆ ಒಂದೆರಡು ಚಮಚ ಸಾಕಂತೆ. ನಾಲಿಗೆಗೆ ತಾಗಿಸಿದರೆ ಕಣ್ಣು ತಾನಾಗಿ ಮುಚ್ಚುತ್ತೆ. ನಾನು ತಂದದ್ದರಲ್ಲಿ ಅಮ್ಮ ಹಿತ್ತಾಳೆ ದೀಪ ತಿಕ್ಕಿದರು, ಫಳಫಳ ಹೊಳೆಯುತ್ತಿದೆ.

ಆ ಓನರ್‌ಗೆ ವಾಟ್ಸಾಪ್ ಮಾಡಿದೆ. ಜನವರಿಯಲ್ಲಿ ಮದ್ದು ಸೊಪ್ಪು ಹೇಗೆ ಬಂತು ಅಂತ ಕೇಳಿದೆ. "ಇದು ನಮ್ಮ ಅಜ್ಜಿ ರೆಸಿಪಿ ಸಾರ್." ಬಣ್ಣ ಹಾಕಿದ್ದೀರಿ ಅಂದೆ. "ನೀವು ಹೊರಗಿನವರು, ನಿಮಗೆ ಈ ಟೇಸ್ಟ್ ಅಭ್ಯಾಸ ಇಲ್ಲ." ಅಡ್ವಾನ್ಸ್ ವಾಪಸ್ ಕೇಳಿದೆ. ಎರಡು ನೀಲಿ ಗೀಟು, ಉತ್ತರ ಇಲ್ಲ.

ಹೋಗುವವರು ರೇಟನ್ನು ಫೋನಲ್ಲಿ ಕೇಳಬೇಡಿ, ಮೆಸೇಜಲ್ಲಿ ಬರೆಸಿಕೊಳ್ಳಿ, ಯಾವ್ಯಾವ ಐಟಂ ಅಂತ ಒಂದೊಂದಾಗಿ. ಸೇವಾ ಶುಲ್ಕವನ್ನು ಬೇರೆ ಯಾವ ಹೆಸರಲ್ಲೂ ಬಿಲ್ಲಿಗೆ ತಾನಾಗಿ ಸೇರಿಸುವ ಹಾಗಿಲ್ಲ ಅಂತ 2022ರಲ್ಲೇ ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರ ಹೇಳಿದೆ. ದೂರು ಕೊಡಲು 1915ಕ್ಕೆ ಫೋನ್ ಮಾಡಬಹುದು. ನನಗೆ ಇದು ಗೊತ್ತಾದದ್ದು ದುಡ್ಡು ಕೊಟ್ಟು ಬಂದ ಮೇಲೆ. ಮದ್ದು ಪಾಯಸ ಬೇಕಿದ್ದರೆ ಆಗಸ್ಟ್‌ನಲ್ಲಿ ಹೋಗಿ. ಮತ್ತೆ, ಮಕ್ಕಳು ಏನಾದರೂ ನೋಡಿ ಹೇಳಿದರೆ ದಯವಿಟ್ಟು ಬಾಯಿ ಮುಚ್ಚಿಸಬೇಡಿ.

ಸಂಕ್ರಾಂತಿ ದಿನ ಅವನ ನಂಬರಿನಿಂದ ಮೆಸೇಜ್ ಬಂತು. ಅಡ್ವಾನ್ಸ್ ವಿಷಯ ಇರಬೇಕು ಅಂತ ಆಸೆಯಿಂದ ತೆಗೆದೆ. ಕಬ್ಬಿನ ಜಲ್ಲೆ, ಎಳ್ಳು ಬೆಲ್ಲದ ಚಿತ್ರ, ಕೆಳಗೆ 'ಹಳೆಯ ಗ್ರಾಹಕರಿಗೆ ಶೇಕಡ 10 ರಿಯಾಯಿತಿ, ಮದ್ದು ಪಾಯಸ ಲಭ್ಯ.'